ಮೊಳ ಮೀರಿದ ದಾರ

ನಮ್ಮೂರಿನ ಆಸ್ಪತ್ರೆಯಲ್ಲಿ ದಾರಗಳ ಬೀರು ಇರುವುದು ಕಾಂಪೌಂಡರ್ ಕೋಣೆಯಲ್ಲಿ, ಕಿಟಕಿಗೆ ಎದುರಾಗಿ. ಒಳಗೆಲ್ಲ ಚಿಕ್ಕ ಚಿಕ್ಕ ಖಾನೆಗಳು, ಒಂದೊಂದು ಬೀದಿಗೆ ಒಂದೊಂದು. ಪ್ರತಿಯೊಬ್ಬರ ದಾರವನ್ನೂ ರಟ್ಟಿನ ತುಂಡಿಗೆ ಸುತ್ತಿ, ಮೇಲೆ ಹೆಸರು ಬರೆದು ಇಟ್ಟಿರುತ್ತೇವೆ. ಆ ಬೀರುವಿನ ಬೀಗದ ಕೈ ಐದು ವರ್ಷದಿಂದ ನನ್ನ ಸೊಂಟದಲ್ಲಿದೆ.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಎದ್ದು ನಿಂತು ಪಾಠ ಓದು ಎಂದರೆ ಪುಸ್ತಕ ಮನೆಯಲ್ಲೇ ಬಿಟ್ಟೆ ಎಂದು ಸುಳ್ಳು ಹೇಳುತ್ತಿದ್ದೆ. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ. ಡಾಕ್ಟರಿಗೆ ದಾರ ಅಳೆಯಲು ಒಬ್ಬಳು ಬೇಕು ಎಂದಾಗ, ಆಸ್ಪತ್ರೆ ಗುಡಿಸುತ್ತಿದ್ದ ನಮ್ಮ ಚಿಕ್ಕಮ್ಮ ನನ್ನನ್ನು ಕೈಹಿಡಿದು ಎಳೆದುಕೊಂಡು ಹೋಗಿ, "ಇವಳು ಬಾಯೇ ಬಿಡಲ್ಲ ಸಾ" ಎಂದಳು. ಅದೊಂದೇ ನನ್ನ ಯೋಗ್ಯತೆ. ಊರಿನಲ್ಲಿ ಯಾರಿಗೆ ಎಷ್ಟು ನೋವಿದೆ ಎಂದು ಮೊದಲು ತಿಳಿಯುವವಳು ದಾರ ಅಳೆಯುವವಳು. ಅದು ಅವಳ ಬಾಯಿಂದ ಸಂತೆಗೆ ಹೋಗಬಾರದು.

ನಮ್ಮಲ್ಲಿ ಮಕ್ಕಳಿಗೆ ಒಂಬತ್ತು ತುಂಬಿದ ಮೇಲೆ ದಾರ ಕತ್ತರಿಸುತ್ತಾರೆ. ಮಗು ಎಡಗೈ ಮುಷ್ಟಿಯಲ್ಲಿ ದಾರದ ತುದಿ ಹಿಡಿದುಕೊಳ್ಳುತ್ತದೆ. ಬೆರಳಿಗೊಂದು ಗೆರೆಯಿರುವ ಮೊಳದ ಹಿತ್ತಾಳೆ ಕೋಲಿನ ಉದ್ದಕ್ಕೂ ದಾರ ಎಳೆದು, ಸರಿಯಾಗಿ ಒಂದು ಮೊಳಕ್ಕೆ ಡಾಕ್ಟರ್ ಕತ್ತರಿ ಹಾಕುತ್ತಾರೆ. ಅದಕ್ಕೂ ಮೊದಲು, "ಎಲ್ಲಾದ್ರೂ ನೋಯ್ತದಾ?" ಎಂದು ಕೇಳಬೇಕು. ಮಗು "ಇಲ್ಲ" ಎಂದಮೇಲೆಯೇ ಕತ್ತರಿಸಬೇಕು. ಅಲ್ಲಿಂದ ಮುಂದೆ ಆ ದಾರ ಆ ಮನುಷ್ಯನದು. ದೊಡ್ಡವರಾದ ಮೇಲೆ ಕಾಯಿಲೆ ಬಿದ್ದು ಬಂದಾಗ ಅದೇ ದಾರವನ್ನು ಕೈಗೆ ಕೊಡುತ್ತೇನೆ. ಇಪ್ಪತ್ತು ಎಣಿಸುವಷ್ಟರಲ್ಲಿ ನೋವಿಗೆ ತಕ್ಕಂತೆ ದಾರ ಮೋಟಾಗುತ್ತದೆ, ಕೋಲಿನ ಮೇಲೆ ಇಟ್ಟು ಎಷ್ಟು ಬೆರಳು ಕಮ್ಮಿ ಎಂದು ನೋಡುತ್ತೇನೆ. ಒಂದು ಬೆರಳಾದರೆ ಕಷಾಯ ಕುಡಿದು ಮನೆಯಲ್ಲಿರಬೇಕು. ಎರಡಾದರೆ ಮಾತ್ರೆ. ಮೂರಕ್ಕೆ ಇಲ್ಲೇ ಮಂಚ. ನಾಲ್ಕು ಬೆರಳಾದರೆ ಡಾಕ್ಟರ್ ಚೀಟಿ ಬರೆಯುತ್ತಾರೆ, ಬೆಳಗಿನ ವ್ಯಾನಿನಲ್ಲಿ ಹೊಳೆಯಾಚೆಯ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ನೋವು ಇಳಿದ ಮೇಲೆ ಹಿಡಿದರೆ ದಾರ ಮತ್ತೆ ಮೊಳಕ್ಕೆ ಬರುತ್ತದೆ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ಹೆಂಡತಿಯ ಹೆರಿಗೆ ಆರು ಬೆರಳಿತ್ತು ಎಂದು ಗಂಡಸರು ತಮ್ಮದೇ ಸಾಧನೆಯೆಂಬಂತೆ ಹೇಳಿಕೊಳ್ಳುತ್ತಾರೆ. ಶಾಲೆಯ ಮೇಷ್ಟರಿಗೆ ಎರಡು ಬೆರಳಿಗೆ ರಜೆ ಉಂಟು. ಅದಕ್ಕೇ ಡ್ರಾಯಿಂಗ್ ಮೇಷ್ಟರು ಒಂದೂವರೆ ಬೆರಳಿನ ತಲೆನೋವು ತಂದು, "ಇನ್ನೊಂದ್ಸಲ ಅಳಿ ತಾಯಿ, ಮನೆ ಬಿಡೋವಾಗ ಮೂರು ಬೆರಳಿತ್ತು, ದಾರೀಲಿ ಎಲ್ಲೋ ಉದುರಿಹೋಗದೆ" ಎಂದು ಗೋಗರೆಯುತ್ತಾರೆ. ಉಸಿರು ಬಿಗಿ ಹಿಡಿಯುವವರು, ಅಳೆಯುವಾಗ ತುಟಿ ಕಚ್ಚಿಕೊಳ್ಳುವವರು, ಚಪ್ಪಲಿಯೊಳಗೆ ಕಲ್ಲು ಇಟ್ಟುಕೊಂಡು ಬರುವವರು, ಎಲ್ಲರನ್ನೂ ನಾನು ನೋಡಿದ್ದೇನೆ. ಕಲ್ಲಿಗೆ ಕಾಲು ಬೆರಳೂ ಸಿಗುವುದಿಲ್ಲ. ನಾನು ಏನೂ ಅನ್ನುವುದಿಲ್ಲ. ನೋಡುತ್ತೇನೆ, ಅಳೆಯುತ್ತೇನೆ, ಕಾಂಪೌಂಡರ್ ಜಬ್ಬಾರ್ ಸಾಬರಿಗೆ ಹೇಳುತ್ತೇನೆ. ಅವರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಕೆಂಪನಂಜಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವಳು. ವಯಸ್ಸು ನಲವತ್ತರ ಹತ್ತಿರ. ನಾನು ಅವಳನ್ನು ಕೆಂಪಕ್ಕ ಎನ್ನುತ್ತೇನೆ. ಹದಿನೈದು ದಿನಕ್ಕೊಮ್ಮೆಯಾದರೂ ಬರುತ್ತಿದ್ದಳು, ಬಂದಾಗಲೆಲ್ಲ ದಾರ ಒಂದು ಮೊಳವೇ. ಒಂದು ಗೆರೆ ಆಚೆಯಿಲ್ಲ, ಈಚೆಯಿಲ್ಲ. ಹೊರಗೆ ಕಾದು ಕೂತವರು ಅವಳಿಗೆ ಮೊಳದ ನಂಜಿ ಎಂದು ಹೆಸರಿಟ್ಟಿದ್ದರು. ಜೊತೆಗೆ ಬರುತ್ತಿದ್ದ ಅತ್ತೆ ಹೊನ್ನಜ್ಜಿಗೆ ಅದು ಕೇಳಿ ನಾಚಿಕೆಯಾಗಿ, ಸೊಸೆಯ ಮೇಲೆ ಸಿಟ್ಟು ಬರುತ್ತಿತ್ತು.

"ಭಟ್ಟಿ ಕೆಲಸ ತಪ್ಪಿಸ್ಕೊಳ್ಳೋಕೆ ಇವಳ ವೇಷ ನೋಡವ್ವ. ಊರೋರ ಕೈಲಿ ಅನ್ನಿಸ್ಕೊಳ್ಳೋದು ನಾನು" ಎನ್ನುತ್ತಿದ್ದಳು ಮುದುಕಿ.

ಡಾಕ್ಟರ್ ವಾಮನಮೂರ್ತಿ ಕೆಟ್ಟವರಲ್ಲ. ಪ್ರತಿ ಸಲವೂ ಕೇಳುತ್ತಿದ್ದರು. "ಏನಮ್ಮ ನಿನ್ನ ತೊಂದರೆ?"

"ಆಗಲ್ಲ ಸಾ. ನೆಲದ ಮೇಲೆ ಕೂತ್ರೆ ಏಳಕ್ಕಾಗಲ್ಲ. ಮಿಕ್ಕಿದ ಹೆಂಗಸ್ರು ಮೂಟೆ ಎತ್ತಿಬಿಡ್ತಾರೆ, ನಂಗೆ ಆಗಲ್ಲ."

"ನೋವಾ?"

"ಗೊತ್ತಿಲ್ಲ ಸಾ. ಯಾವಾಗ್ಲೂ ಇರೋದೇ."

ಡಾಕ್ಟರ್ ನನ್ನ ಮುಖ ನೋಡುತ್ತಿದ್ದರು. ನಾನು "ಮೊಳ" ಎನ್ನುತ್ತಿದ್ದೆ. ಅವರು ಟಾನಿಕ್ ಬರೆಯುತ್ತಿದ್ದರು. ಬಾಗಿಲು ದಾಟುವಾಗ ಕೆಂಪಕ್ಕ ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದಿರುತ್ತಿದ್ದಳು. ಯಾರೂ ನೋಡದಿದ್ದಾಗಲೂ ಹಾಗೇ ಹಿಡಿದಿರುತ್ತಿದ್ದಳು. ವೇಷ ಹಾಕುವವರು ಗೋಡೆ ತಿರುಗಿದ ಕೂಡಲೇ ಕೈಬಿಡುತ್ತಾರೆ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ದಾರ ಮೊಳವಿತ್ತು, ಕೋಲಿಗೆ ಸುಳ್ಳು ಹೇಳಲು ಬರುವುದಿಲ್ಲ, ನಾನು ಏನೆಂದು ಹೇಳಲಿ?

ಈ ಬೇಸಿಗೆಯಲ್ಲಿ ಭಟ್ಟಿಯ ಯಜಮಾನ ಅವಳಿಗೆ ಕೊನೆಯ ಮಾತು ಹೇಳಿದ. ನಾಲ್ಕು ಬೆರಳಿನ ಚೀಟಿ ತಂದರೆ ರಜೆ ಕೊಟ್ಟು ಕೆಲಸ ಉಳಿಸಿಕೊಳ್ಳುತ್ತೇನೆ, ಇಲ್ಲವಾದರೆ ಎಲ್ಲರಂತೆ ಮೂಟೆ ಹೊರಬೇಕು ಎಂದ. ಅವಳು ಬಂದು ಬೀರುವಿನ ಮುಂದೆ ನಿಂತು, "ಚೆಲುವಿ, ಒಂದ್ಸಲ ಬಿಗಿಯಾಗಿ ಎಳೀದೆ ಅಳಿ ಮಗ" ಎಂದಳು. ಐದು ವರ್ಷದಲ್ಲಿ ಮೊದಲನೇ ಸಲ ಕೇಳಿದ್ದು. ನಾನು ಸಡಿಲವಾಗಿಯೇ ಇಟ್ಟೆ. ಅರ್ಧ ಗೆರೆಯೂ ಕಮ್ಮಿ ಬರಲಿಲ್ಲ. ಅವಳು ಮರುದಿನದಿಂದ ಮೂಟೆ ಹೊತ್ತಳು.

ನಾಲ್ಕನೇ ದಿನ ಅವಳು ಮೂಟೆಯೊಂದಿಗೆ ಮುಗ್ಗರಿಸಿದಳು. ಮಂಡಕ್ಕಿ ಹುರಿಯುವ ಮರಳು ಬಾಣಲೆಯಿಂದ ಚೆಲ್ಲಿ ಬಲಗೈ ಮೊಣಕೈಯವರೆಗೂ ಸುಟ್ಟುಹೋಯಿತು. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಹೊನ್ನಜ್ಜಿಯೂ ಭಟ್ಟಿಯವರಿಬ್ಬರೂ ಸೇರಿ ಅವಳನ್ನು ಕರೆತಂದರು. ಎಡಗೈಗೆ ದಾರ ಕೊಟ್ಟೆ. ಎರಡು ಬೆರಳು ಕಮ್ಮಿ ಬಂತು.

ಭಟ್ಟಿಯವನೊಬ್ಬ, "ಅಬ್ಬ, ಮೊಳದ ನಂಜಿ ಕೊನೆಗೂ ಎರಡು ಬೆರಳು ಸಂಪಾದಿಸಿದಳು" ಎಂದ.

"ಹೋಗ್ರಯ್ಯ ಹೊರಗೆ" ಎಂದು ಜಬ್ಬಾರ್ ಸಾಬರು ಅವರನ್ನು ಅಟ್ಟಿದರು.

ಸುಟ್ಟಗಾಯ ತೊಳೆಯುವಾಗ ತಡೆಯಲಾಗುವುದಿಲ್ಲವೆಂದು ಡಾಕ್ಟರ್ ಇದ್ದುದರಲ್ಲೇ ಜೋರಾದ ಇಂಜೆಕ್ಷನ್ ಕೊಟ್ಟರು. ಅದು ಕೀಲಿಟ್ಟ ಕಪಾಟಿನಲ್ಲಿರುವಂಥದು. ಮೂಳೆ ಮುರಿದವರಿಗಲ್ಲದೆ ಬೇರೆಯವರಿಗೆ ಕೊಟ್ಟಿದ್ದನ್ನು ನಾನು ನೋಡಿರಲಿಲ್ಲ. ಗಾಯ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಸುತ್ತಿದ್ದಾಯಿತು. ಔಷಧಿ ಹಿಡಿಯಿತೋ ಇಲ್ಲವೋ ಎಂದು ನೋಡಲು ಅರ್ಧ ಗಂಟೆಯ ಮೇಲೆ ಇನ್ನೊಮ್ಮೆ ಅಳೆಯುವುದು ಪದ್ಧತಿ. ದಾರ ಕೊಟ್ಟು ಇಪ್ಪತ್ತು ಎಣಿಸಿದೆ. ಕೋಲಿನ ಮೇಲೆ ಇಟ್ಟೆ. ದಾರದ ತುದಿ ಕೋಲಿನ ಕೊನೆಯನ್ನು ದಾಟಿ ಕೆಳಗೆ ಜೋತುಬಿತ್ತು.

ಕೋಲಿಗೆ ಅಲ್ಲಿಂದಾಚೆ ಗೆರೆಯೇ ಇಲ್ಲ. ನನ್ನ ಬೆರಳುಗಳನ್ನೇ ಜೋಡಿಸಿ ಇಟ್ಟು ನೋಡಿದೆ. ನಾಲ್ಕು ಬೆರಳು ಹೆಚ್ಚು.

ನಾನು ತಲೆಯೆತ್ತಿದಾಗ ಕೆಂಪಕ್ಕ ನನ್ನನ್ನು ನೋಡುತ್ತಿರಲಿಲ್ಲ. ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತಿದ್ದಳು. ಎಡಗೈಯಿಂದ ಅಲ್ಲಿ ಮುಟ್ಟಿದಳು, ಒತ್ತಿದಳು, ಇನ್ನೂ ಜೋರಾಗಿ ಒತ್ತಿದಳು. ಬೆಂಚಿನಿಂದ ಇಳಿದು ನೆಲದ ಮೇಲೆ ಕೂತಳು. ಯಾವುದನ್ನೂ ಹಿಡಿದುಕೊಳ್ಳದೆ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು.

"ಏನ್ ಕುಣಿತಿದೀಯೇ?" ಎಂದಳು ಹೊನ್ನಜ್ಜಿ.

"ಚೆಲುವಿ," ಎಂದಳು ಕೆಂಪಕ್ಕ, ಅತ್ತೆಯ ಮಾತು ಕೇಳಿಸಲೇ ಇಲ್ಲವೆಂಬಂತೆ. "ಎಲ್ರೂ ಹಿಂಗೇ ಇರ್ತಾರಾ?"

"ಹೆಂಗಕ್ಕ?"

"ಹಿಂಗೆ. ಒಳಗೆ ಏನೂ ಇಲ್ದಂಗೆ."

"ಹೂಂ ಅಕ್ಕ."

"ದಿನಾನೂ?"

"ದಿನಾನೂ."

ಅವಳು ಪಕ್ಕೆಯನ್ನು ಇನ್ನೊಮ್ಮೆ ಒತ್ತಿ ನೋಡಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಅವಳಿಗೆ ಕೋಪ ಬಂತು. "ಹಿಂಗಿದ್ಕೊಂಡು ಸುಸ್ತು ಸುಸ್ತು ಅಂತೀರಲ್ಲ, ನಿಮಗೇನು ರೋಗ ಬಂದಿರೋದು ಎಲ್ರಿಗೂ?" ಎಂದಳು.

ಜಬ್ಬಾರ್ ಸಾಬರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ದಾರ ಯಾಕೆ ಉದ್ದವಾಯಿತು ಎಂದು ನನಗೆ ಆಗಲೇ ಹೊಳೆದುಬಿಟ್ಟಿತ್ತು. ಆದರೂ ಕೇಳಿದೆ. "ಅಕ್ಕ, ಚಿಕ್ಕವಳಿದ್ದಾಗ ದಾರ ಕತ್ತರಿಸಿದ ದಿನ ನಿಂಗೆ ನೋವಿತ್ತಾ?"

"ಎಲ್ಲಾದ್ರೂ ನೋಯ್ತದಾ ಅಂತ ಕೇಳಿದ್ರು. ಇಲ್ಲ ಅಂದೆ. ಅವತ್ತೇನೂ ಬೇರೆ ಇರ್ಲಿಲ್ಲ ಕಣೆ. ದಿನಾ ಇರೋ ಹಂಗೇ ಇತ್ತು."

ಅವಳು ಸುಳ್ಳು ಹೇಳಿರಲಿಲ್ಲ. ನೆನಪು ಶುರುವಾಗುವ ಮೊದಲೇ ಶುರುವಾದದ್ದನ್ನು ಒಂಬತ್ತು ವರ್ಷದ ಮಗು ನೋವು ಎಂದು ಹೇಗೆ ಹೇಳುತ್ತದೆ? ಪಕ್ಕೆಯ ಆ ನಾಲ್ಕು ಬೆರಳನ್ನು ಒಳಗಿಟ್ಟುಕೊಂಡೇ ಅವಳ ದಾರ ಮೊಳಕ್ಕೆ ಕತ್ತರಿಸಲ್ಪಟ್ಟಿತ್ತು. ಅಂದಿನಿಂದ ಆ ನೋವು ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ. ಅದು ಇಳಿದಾಗ ಮಾತ್ರ ದಾರ ತನ್ನ ನಿಜವಾದ ಉದ್ದ ತೋರಿಸಬಲ್ಲದು, ಅದು ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಇಳಿದಿತ್ತು, ಈಗ.

ಡಾಕ್ಟರ್ ಒಳಗೆ ಬಂದು ಜೋತುಬಿದ್ದ ದಾರ ನೋಡಿದರು. ಎತ್ತಿ ಬೆಳಕಿಗೆ ಹಿಡಿದರು. "ಹಳೇದಾಗಿದೆ, ಎಳೆ ಸಡಿಲ ಬಿಟ್ಟಿದೆ. ದಾರ ಕೆಟ್ಟಿದೆ ಅಂತ ಬರೀರಿ ಸಾಬರೆ. ಕೈ ವಾಸಿಯಾಗ್ಲಿ. ನೋವಿಲ್ಲದ ದಿನ ಬಂದು ಹೊಸಾದು ಕತ್ತರಿಸ್ಕೊಂಡು ಹೋಗಮ್ಮ."

ಕೈ ವಾಸಿಯಾಗುವ ಹೊತ್ತಿಗೆ ಪಕ್ಕೆಯದು ಹಿಂದಿನಂತೆಯೇ ಇರುತ್ತದೆ. ಆಗ ಡಾಕ್ಟರ್ ಕೇಳುತ್ತಾರೆ, ಅವಳು ಯಾವಾಗಲೂ ಇರುವ ಹಾಗೇ ಇದೆ ಎನ್ನುತ್ತಾಳೆ, ಇವರು ಮೊಳಕ್ಕೆ ಕತ್ತರಿ ಹಾಕುತ್ತಾರೆ. ಇನ್ನೊಂದು ಮೂವತ್ತು ವರ್ಷ ಹಾಗೇ ಹೋಗುತ್ತದೆ.

"ಸಾ," ಎಂದೆ. ಧ್ವನಿ ಹೊರಗೆ ಬಂತೋ ಇಲ್ಲವೋ ಗೊತ್ತಾಗಲಿಲ್ಲ, ಇನ್ನೊಮ್ಮೆ ಅಂದೆ. "ಸಾ, ಇವರಿಗೆ ನೋವಿಲ್ಲದ ದಿನ ಇವತ್ತೇ."

"ಏನಂದೆ?"

"ಇಂಜೆಕ್ಷನ್ ಇಳಿಯೋದ್ರೊಳಗೆ ಕತ್ತರಿಸ್ಬೇಕು ಸಾ. ಇವತ್ತು ಬಿಟ್ರೆ ಇಲ್ಲ."

ಅವರು ನನ್ನನ್ನು ಹೊಸದಾಗಿ ನೋಡುವವರಂತೆ ನೋಡಿದರು. ಐದು ವರ್ಷದಲ್ಲಿ ನಾನು ಅವರೊಂದಿಗೆ ಆಡಿದ್ದೆಲ್ಲ ಮೊಳ ಮತ್ತು ಬೆರಳು, ಅಷ್ಟೇ. "ಔಷಧಿ ಮೈಯಲ್ಲಿರುವಾಗ ದಾರಕ್ಕೆ ಕತ್ತರಿ ಹಾಕಿದ್ದು ಎಲ್ಲಾದ್ರೂ ಉಂಟೇನಮ್ಮ? ಒಮ್ಮೆ ಕತ್ತರಿಸಿದ್ದನ್ನ ಮತ್ತೆ ಅಂಟಿಸೋಕಾಗಲ್ಲ. ಬೀರು ಮುಚ್ಚು" ಎಂದು ಊಟಕ್ಕೆ ಮನೆಗೆ ಹೋದರು. ಅವರು ಬರುವುದು ಮೂರಕ್ಕೆ. ಇಂಜೆಕ್ಷನ್ನು ಮೂರರ ಮೇಲೆ ಯಾವ ಗಳಿಗೆಯಲ್ಲಾದರೂ ಇಳಿಯಬಹುದು ಎಂದರು ಜಬ್ಬಾರ್ ಸಾಬರು.

ನಾನು ಕತ್ತರಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತೆ. ನನ್ನ ಲೆಕ್ಕ ತಪ್ಪಿದ್ದರೆ, ದಾರ ನಿಜವಾಗಿಯೂ ಸಡಿಲವಾಗಿದ್ದರೆ, ಒಬ್ಬಳ ಜನ್ಮದ ದಾರವನ್ನು ಹಾಳುಮಾಡಿದವಳಾಗುತ್ತೇನೆ. ಬೀರುವಿನ ಬೀಗದ ಕೈಯೂ ಅವತ್ತಿಗೇ ಹೋಗುತ್ತದೆ. ಕೆಂಪಕ್ಕನಿಗೆ ಎಲ್ಲವನ್ನೂ ಹೇಳಿದೆ, ಅಷ್ಟು ಮಾತು ಒಟ್ಟಿಗೆ ಆಡಿದ್ದು ನನ್ನ ಜನ್ಮದಲ್ಲೇ ಮೊದಲು. ಅವಳು ಅರ್ಧ ಕೇಳಿದಳು. ಉಳಿದರ್ಧ ಹೊತ್ತು ಕಿಟಕಿಯ ಕೆಳಗೆ ಬಾಗಿ ನೆಲದ ಮೇಲೆ ಬಿದ್ದಿದ್ದ ಹತ್ತಿ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಬಾಗಲು ಬರುತ್ತದೆ ಎಂಬ ಖುಷಿಗೆ.

"ಕತ್ತರಿಸ್ಲಾ ಅಕ್ಕ?"

"ನಂಗೆ ಈ ದಾರ ಇದುವರ್ಗೂ ಏನ್ ಉಪಕಾರ ಮಾಡದೆ ಅಂತ ಕೇಳ್ತೀಯ? ಹಾಕು."

ಹೊನ್ನಜ್ಜಿ ಬಾಗಿಲಿಗೆ ಅಡ್ಡ ಬಂದಳು. "ಡಾಕ್ಟ್ರು ಬ್ಯಾಡ ಅಂದವ್ರೆ. ಇಬ್ರೂ ಸೇರ್ಕೊಂಡು ನನ್ನ ಮನೆ ಮರ್ಯಾದೆ ತೆಗೀಬ್ಯಾಡಿ."

"ನೀವು ಈ ಕಡೆ ಬನ್ನಿ ಅಮ್ಮ, ಚಾ ಕುಡೀರಿ" ಎಂದು ಜಬ್ಬಾರ್ ಸಾಬರು ಅವಳನ್ನು ಬೆಂಚಿಗೆ ಕರೆದುಕೊಂಡು ಹೋದರು. ಹೋಗುವಾಗ ನನ್ನತ್ತ ನೋಡದೆ, "ನಾನು ಏನೂ ನೋಡ್ಲಿಲ್ಲ ಮಗಳೆ" ಎಂದರು.

ಕೆಂಪಕ್ಕ ಎಡಗೈ ಮುಷ್ಟಿ ಕಟ್ಟಿದಳು. ದಾರವನ್ನು ಕೋಲಿಗೆ ಒರಗಿಸಿ ಎಳೆದೆ. ಇನ್ನೂ ನಾಲ್ಕು ಬೆರಳು ಹೆಚ್ಚಿತ್ತು. ಮೊದಲು ಕೇಳಬೇಕಾದದ್ದನ್ನು ಕೇಳಿದೆ. "ಎಲ್ಲಾದ್ರೂ ನೋಯ್ತದಾ?"

"ಇಲ್ಲ" ಎಂದಳು.

ಕತ್ತರಿ ಹಾಕಿದೆ.

ಡಾಕ್ಟರ್ ಮೂರೂ ಹತ್ತಕ್ಕೆ ಬಂದು ನೋಡಿ, ಕುರ್ಚಿಯಲ್ಲಿ ಕೂತು, ಎರಡು ಕೈಯಿಂದಲೂ ಹಣೆ ಒತ್ತಿಕೊಂಡರು. ಬೈಯುತ್ತಾರೆ ಎಂದು ಕಾದೆ. "ನಾಳೆಯಿಂದ ಬರಬೇಡ" ಎಂದರು, ಜೋರಾಗಿ ಅಲ್ಲ. ನಾನು ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಇಟ್ಟಮೇಲೆ ಹೇಳಿದೆ. "ಸಾ, ಇವತ್ತು ಸಂಜೆವರ್ಗೂ ನಾನು ಇರ್ತೀನಲ್ಲ. ಅರ್ಧ ಗಂಟೆಗೊಮ್ಮೆ ಅಳೀತೀನಿ. ನೀವೇ ಎದುರಿಗಿರಿ."

ಮೂರೂವರೆಗೆ ಮೊಳವಿತ್ತು. ನಾಲ್ಕಕ್ಕೆ ಅರ್ಧ ಬೆರಳು ಕಮ್ಮಿಯಾಯಿತು. ನಾಲ್ಕೂವರೆಗೆ ಎರಡು. ಕೆಂಪಕ್ಕನ ಮುಖದ ಮೇಲಿಂದ ಆ ಖುಷಿ ಇಳಿದುಹೋಗುವುದನ್ನು ನಾನು ನೋಡುತ್ತ ಇರಬೇಕಾಯಿತು, ಅದು ಮಾತ್ರ ಕಷ್ಟವಾಗಿತ್ತು. ಕೈ ತಾನಾಗಿಯೇ ಪಕ್ಕೆಗೆ ಹೋಯಿತು. ಬೆಂಚಿನ ಮೇಲೆ ವಾಲಿಕೊಂಡಳು. ಐದಕ್ಕೆ ನಾಲ್ಕು ಬೆರಳು. ಡಾಕ್ಟರ್ ಕುರ್ಚಿ ಹತ್ತಿರ ಎಳೆದುಕೊಂಡು ಕೋಲಿನ ಮೇಲೆ ತಾವೇ ಬಾಗಿ ನೋಡಿದರು. ಐದೂವರೆಗೆ ಔಷಧಿಯ ಕಾವು ಪೂರ್ತಿ ಇಳಿದಿತ್ತು. ದಾರವನ್ನು ನನ್ನ ಕೈಯಿಂದ ತೆಗೆದುಕೊಂಡು ಅವರೇ ಅಳೆದರು. ಆರು ಬೆರಳು.

ನಮ್ಮ ಆಸ್ಪತ್ರೆಗೆ ಆರು ಬೆರಳಿನವರು ಬರುವುದು ಮಂಚದ ಮೇಲೆ, ಕಿರುಚಿಕೊಂಡು. ಇವಳು ಮೇಜಿನ ಅಂಚು ಹಿಡಿದು ನಿಂತಿದ್ದಳು, ಮನೆಗೆ ಹೋಗಿ ಅಡುಗೆ ಮಾಡಬೇಕು ಎಂದು ಅತ್ತೆಯ ಕಡೆ ನೋಡುತ್ತಿದ್ದಳು.

"ಈಗ ಹೇಗಿದೆ ಕೆಂಪನಂಜಮ್ಮ?" ಡಾಕ್ಟರ್ ಕೇಳಿದರು. ಅವರು ಅವಳ ಹೆಸರು ಹಿಡಿದು ಮಾತಾಡಿಸಿದ್ದನ್ನು ನಾನು ಕೇಳಿರಲಿಲ್ಲ.

"ಕೈ ಉರೀತದೆ ಸಾ. ಅದು ಬಿಟ್ರೆ ಯಾವಾಗ್ಲೂ ಇರೋ ಹಂಗೇ."

ಅವರು ಪುಸ್ತಕ ತರಿಸಿಕೊಂಡರು. ಹಿಂದಿನ ಹಾಳೆಗಳನ್ನು ತಿರುವಿದರು, ಒಂದೊಂದರಲ್ಲೂ ಅವಳ ಹೆಸರು, ಮುಂದೆ ಮೊಳ, ಅದರ ಮುಂದೆ ಟಾನಿಕ್. ತುಂಬ ಹೊತ್ತು ತಿರುವುತ್ತ ಕೂತರು. ಆಮೇಲೆ ಚೀಟಿ ಬರೆದರು, ಒಂದಲ್ಲ ಎರಡು, ದೊಡ್ಡಾಸ್ಪತ್ರೆಗೊಂದು, ಭಟ್ಟಿಯ ಯಜಮಾನನಿಗೊಂದು. ಬೀಗದ ಕೈಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. ನಾನು ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮರುದಿನ ಬೆಳಿಗ್ಗೆ ವ್ಯಾನು ಏಳಕ್ಕೆ ಹೊರಟಿತು. ಕೆಂಪಕ್ಕ ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹಾಕಿ, "ಅಲ್ಲಿ ಡಾಕ್ಟ್ರು ಅದನ್ನ ಪೂರ್ತಿ ತೆಗೆದುಬಿಡ್ತಾರಾ ಚೆಲುವಿ?" ಎಂದಳು. "ಗೊತ್ತಿಲ್ಲ ಅಕ್ಕ, ಆದ್ರೆ ಅಲ್ಲಿ ನಂಬ್ತಾರೆ" ಎಂದೆ. ಅವಳು ತಲೆಯಾಡಿಸಿದಳು. ವ್ಯಾನಿನ ಡ್ರೈವರು ಚೀಟಿ ನೋಡಿ ಆರು ಬೆರಳು ಎಂದು ಓದಿಕೊಂಡು, ಗುಂಡಿಗಳಲ್ಲಿ ನಿಧಾನವಾಗಿ ಓಡಿಸಿಕೊಂಡು ಹೋದ.

ಹೊನ್ನಜ್ಜಿ ಬೀಳ್ಕೊಡಲು ಬಂದವಳು ವ್ಯಾನು ಹೋದಮೇಲೂ ಮನೆಗೆ ಹೋಗಲಿಲ್ಲ. ನಾನು ಬೀರು ತೆಗೆಯುವವರೆಗೆ ಜಗಲಿಯಲ್ಲಿ ಕೂತಿದ್ದು, ಆಮೇಲೆ ಒಳಗೆ ಬಂದು ನಿಂತಳು. ಸೊಸೆಯನ್ನು ಆಡಿಕೊಂಡದ್ದಕ್ಕೆ ಏನಾದರೂ ಹೇಳುತ್ತಾಳೆ ಎಂದುಕೊಂಡೆ.

"ಇವಳನ್ನ ಬೈತಿದ್ನಲ್ಲ ಮಗ," ಎಂದಳು, "ಯಾಕೆ ಅಂದ್ರೆ, ನಂಗೂ ಸೊಂಟದಾಗೆ ಹಂಗೇ ಇರೋದು. ಬುದ್ಧಿ ಬಂದಾಗಿಂದ. ಎಲ್ರಿಗೂ ಇರ್ತದೆ, ಬಾಯಿ ಮುಚ್ಕೊಂಡು ಇರ್ಬೇಕು ಅಂತ ನಮ್ಮವ್ವ ಹೇಳಿದ್ಲು. ಇವಳೊಬ್ಳು ಬಾಯಿ ಬಿಡ್ತಾಳಲ್ಲ ಅಂತ ಸಿಟ್ಟು ಬರೋದು ನಂಗೆ."

ನಾನು ಅವಳ ಬೀದಿಯ ಖಾನೆ ಎಳೆದು, ಕಪ್ಪಾಗಿಹೋಗಿದ್ದ ರಟ್ಟಿನಿಂದ ದಾರ ಬಿಚ್ಚಿ ಅವಳ ಎಡಗೈಗೆ ಕೊಟ್ಟೆ. ಇಪ್ಪತ್ತು ಎಣಿಸಿ ಕೋಲಿನ ಮೇಲೆ ಇಟ್ಟೆ. ಮೊಳ.

ಹೊರಗೆ ಬೆಂಚಿನ ಮೇಲೆ ಡ್ರಾಯಿಂಗ್ ಮೇಷ್ಟರು ಕೂತಿದ್ದರು, ನಗಲಿಲ್ಲ. ಡಾಕ್ಟರ್ ತಮ್ಮ ಕೋಣೆಯಿಂದ ಬಂದು, ಮುದುಕಿಯ ಮುಷ್ಟಿಯನ್ನೂ ಕೋಲನ್ನೂ ನೋಡಿದರು. ತೆರೆದಿದ್ದ ಬೀರುವಿನ ಖಾನೆಗಳನ್ನೆಲ್ಲ ಒಮ್ಮೆ ನೋಡಿ, ಕೀಲಿಟ್ಟ ಕಪಾಟಿನ ಬಳಿ ಹೋಗಿ, ಎಷ್ಟು ಇಂಜೆಕ್ಷನ್ ಉಳಿದಿವೆ ಎಂದು ಎಣಿಸತೊಡಗಿದರು.